ದೊಡ್ಡ ಸಂಖ್ಯೆಯ ಒಳಗುಟ್ಟು ಬಿಡಿಸುವುದು ಹೇಗೆ: ಚಿತ್ರದುರ್ಗದ ಪಿನ್ ಕೋಡ್ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಒಂಬತ್ತನೇ ಕ್ಲಾಸು. "ಮಾಮ, ನಮ್ಮೂರ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆ ಅಲ್ವಾ? ನೂರರ ತನಕ ಎಲ್ಲದರಿಂದ ಭಾಗಿಸಿ ನೋಡಿದೆ, ಒಂದರಿಂದಲೂ ಹೋಗಲಿಲ್ಲ."

ಅವಳ ಪಿನ್ 577501. ಅವಿಭಾಜ್ಯ ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಹೋಗದ ಸಂಖ್ಯೆ. ನಾನು ದಾವಣಗೆರೆಯಲ್ಲಿ ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಆದರೂ ಆ ಪ್ರಶ್ನೆಗೆ ಆ ಕ್ಷಣ ನನ್ನ ಹತ್ತಿರ ಉತ್ತರ ಇರಲಿಲ್ಲ. "ನೂರಕ್ಕೆ ನಿಲ್ಲಿಸಬಾರದು ಪುಟ್ಟಿ, ಇನ್ನೂ ಮುಂದೆ ಹೋಗಬೇಕು" ಅಂದೆ. ಎಲ್ಲಿಯ ತನಕ ಅಂತ ಕೇಳಿದಳು. ಅವತ್ತು ರಾತ್ರಿ ಇಬ್ಬರೂ ಫೋನಿನಲ್ಲೇ ಕೂತು ಮಾಡಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿ ಯಾವ ಆರಂಕಿ ಸಂಖ್ಯೆ ಇದ್ದರೂ ಇದೇ ದಾರಿ. ಒಂದು ರಫ್ ಹಾಳೆ, ಪೆನ್ನು, ಜೊತೆಗೆ 20ರ ತನಕ ಮಗ್ಗಿ ಬಂದರೆ ಸಾಕು.

ನನ್ನ ನಂಬಿಕೆ ಒಂದೇ. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆದರೆ ಅದರ ಗುಣ ಎಲ್ಲಾ ತಾನಾಗಿಯೇ ಹೊರಗೆ ಬರುತ್ತದೆ. ಒಡೆಯುವುದೇ ದೊಡ್ಡ ಕೆಲಸ. ಅದಕ್ಕೇ ಈ ಬರಹದ ಅರ್ಧಕ್ಕಿಂತ ಜಾಸ್ತಿ ಒಡೆಯುವುದರ ಬಗ್ಗೆಯೇ ಇದೆ.

ಮೊದಲು ಸಂಖ್ಯೆಯನ್ನು ಸರಿಯಾಗಿ ನೋಡಿ

5,77,501. ಐದು ಲಕ್ಷ ಎಪ್ಪತ್ತೇಳು ಸಾವಿರದ ಐನೂರ ಒಂದು. ಬೆಸ ಸಂಖ್ಯೆ. ಕೊನೆಗೆ 0 ಅಥವಾ 5 ಇಲ್ಲ, ಹಾಗಾಗಿ 5ರಿಂದ ಹೋಗುವುದಿಲ್ಲ. ಅಂಕಿಗಳ ಮೊತ್ತ 5+7+7+5+0+1 = 25, ಹಾಗಾಗಿ 3ರಿಂದಲೂ ಇಲ್ಲ.

ಈಗ ಪಕ್ಕದ ಮನೆ ನೋಡಿ, 577500. ಇದು 5775ನ್ನು 100ರಿಂದ ಗುಣಿಸಿದ್ದು, ಒಡೆಯುವುದು ತುಂಬಾ ಸುಲಭ: 2×2×3×5×5×5×5×7×11. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಯಾವ ಅವಿಭಾಜ್ಯವೂ ಸಮಾನವಾಗಿ ಇರುವುದಿಲ್ಲ, ಯಾಕೆಂದರೆ ಇದ್ದರೆ ಅದು ಅವೆರಡರ ವ್ಯತ್ಯಾಸವಾದ 1ನ್ನೂ ಭಾಗಿಸಬೇಕಾಗುತ್ತದೆ. ಅಂದರೆ 577501ಕ್ಕೆ 2, 3, 5, 7, 11 ಐದೂ ಒಂದೇ ಏಟಿಗೆ ಪಟ್ಟಿಯಿಂದ ಹೊರಬಿದ್ದವು. ಸಂಖ್ಯೆ ಕೈಗೆ ಸಿಕ್ಕ ಕೂಡಲೇ ಅದರ ಹಿಂದಿನದು, ಮುಂದಿನದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಎಲ್ಲಿಯ ತನಕ ಹುಡುಕಬೇಕು

ಅಕ್ಕನ ಮಗಳು ಕೇಳಿದ್ದು ಇದನ್ನೇ. ಉತ್ತರ: ವರ್ಗಮೂಲದ ತನಕ. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧ ಅಂದರೆ, ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ, ಆಗ ಗುಣಲಬ್ಧ ಸಂಖ್ಯೆಯನ್ನೇ ಮೀರಿಬಿಡುತ್ತದೆ. ಹಾಗಾಗಿ ಚಿಕ್ಕದು ವರ್ಗಮೂಲದ ಒಳಗೇ ಸಿಗಬೇಕು.

760×760 = 577600. ನಮ್ಮದು ಅದಕ್ಕಿಂತ 99 ಕಮ್ಮಿ. ಅಂದರೆ 760ರ ಒಳಗಿನ ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು, ಅವು ಒಟ್ಟು 134. ಸಂಯುಕ್ತ ಸಂಖ್ಯೆಗಳಿಂದ, ಅಂದರೆ ಅವಿಭಾಜ್ಯ ಅಲ್ಲದವುಗಳಿಂದ, ಭಾಗಿಸಿ ನೋಡಬೇಕಾಗಿಲ್ಲ. 3ರಿಂದ ಹೋಗದಿದ್ದುದು 9ರಿಂದ ಹೇಗೆ ಹೋಗುತ್ತದೆ?

ನೂರರ ಒಳಗೆ ಇರುವುದು 25 ಅವಿಭಾಜ್ಯ ಮಾತ್ರ. ಅವಳು 134ರಲ್ಲಿ 25 ಮುಗಿಸಿ, ಸಾಕು ಅಂದುಕೊಂಡಿದ್ದಳು. ಈ ತಪ್ಪು ತುಂಬಾ ಜನ ಮಾಡುತ್ತಾರೆ. ಮಕ್ಕಳಿಗೆ ನೂರರ ಒಳಗಿನ ಪಟ್ಟಿಯನ್ನೇ ಬಾಯಿಪಾಠ ಮಾಡಿಸಿರುತ್ತೇವೆ, ಅಲ್ಲಿಗೇ ಲೋಕ ಮುಗಿಯಿತು ಅಂತ ಅವರಿಗೆ ಅನ್ನಿಸಿದರೆ ಅವರ ತಪ್ಪಲ್ಲ.

1001ರ ಉಪಾಯ

7×11×13 = 1001. ಈ ಒಂದು ಗುಣಾಕಾರ ನೆನಪಿದ್ದರೆ ಮೂರು ಅವಿಭಾಜ್ಯಗಳನ್ನು ಒಟ್ಟಿಗೆ ಪರೀಕ್ಷಿಸಬಹುದು. ಆರಂಕಿ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಎರಡು ತುಂಡು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದು 7, 11, 13ರಲ್ಲಿ ಯಾವುದರಿಂದ ಹೋಗುತ್ತದೋ ಮೂಲ ಸಂಖ್ಯೆಯೂ ಅದರಿಂದ ಹೋಗುತ್ತದೆ.

577501ಕ್ಕೆ: 577 − 501 = 76. ಇದು 4×19. 7, 11, 13 ಯಾವುದರಿಂದಲೂ ಹೋಗುವುದಿಲ್ಲ.

ನಮ್ಮ ದಾವಣಗೆರೆಯ 577005 ಹಿಡಿಯಿರಿ. 577 − 5 = 572, ಅಂದರೆ 4×11×13. ಹಾಗಾಗಿ 577005 ಸಂಖ್ಯೆ 11ರಿಂದಲೂ 13ರಿಂದಲೂ ಹೋಗುತ್ತದೆ! ಕೊನೆಗೆ 5 ಇದೆ, ಅಂಕಿಗಳ ಮೊತ್ತ 24, ಹಾಗಾಗಿ 5 ಮತ್ತು 3 ಕೂಡ ಸೇರಿದವು. ಎಲ್ಲಾ ತೆಗೆದರೆ 269 ಉಳಿಯುತ್ತದೆ, ಅದು ಅವಿಭಾಜ್ಯ. ಒಂದು ನಿಮಿಷದಲ್ಲಿ ಕೆಲಸ ಮುಗಿಯಿತು: 577005 = 3×5×11×13×269.

ಇದೇ ತರಹ 17×19×23 = 7429 ಅಂತ ಬರೆದಿಟ್ಟುಕೊಳ್ಳಿ. 577501ನ್ನು 7429ರಿಂದ ಭಾಗಿಸಿದರೆ ಶೇಷ 5468. ಇನ್ನು ಆರಂಕಿಯ ಜೊತೆ ಒದ್ದಾಡಬೇಕಿಲ್ಲ, ಈ ನಾಲ್ಕಂಕಿಯನ್ನೇ 17, 19, 23ರಿಂದ ನೋಡಿ. ಶೇಷ ಕ್ರಮವಾಗಿ 11, 15, 17. ಮೂರೂ ಪಟ್ಟಿಯಿಂದ ಹೊರಬಿದ್ದವು.

ಬಾಲ ಕತ್ತರಿಸುವ ಉಪಾಯ

ಉದ್ದ ಭಾಗಾಕಾರಕ್ಕಿಂತ ನನಗೆ ಇದೇ ಇಷ್ಟ. ಭಾಗಲಬ್ಧ ಎಷ್ಟು ಅಂತ ನಮಗೆ ಈಗ ಬೇಕಾಗಿಲ್ಲ, ಹೋಗುತ್ತದೋ ಇಲ್ಲವೋ ಅಷ್ಟೇ ಬೇಕು. ಹಾಗಾಗಿ ಸಂಖ್ಯೆಯನ್ನು ಹಿಂದಿನಿಂದ ತಿನ್ನುತ್ತಾ ಬರಬೇಕು.

ದಾವಣಗೆರೆಯ 577001ನ್ನು 23ರಿಂದ ನೋಡೋಣ. ಕೊನೆಯ ಅಂಕಿ 1. 23ರ ಮಗ್ಗಿಯಲ್ಲಿ 1ರಲ್ಲಿ ಮುಗಿಯುವುದು 161. ಕಳೆದರೆ 576840. ಕೊನೆಯ ಸೊನ್ನೆ ಬಿಟ್ಟುಬಿಡಿ, 57684. (ಸೊನ್ನೆ ಬಿಡುವುದು ಅಂದರೆ 10ರಿಂದ ಭಾಗಿಸುವುದು. 10ರಲ್ಲಿ 2, 5 ಮಾತ್ರ ಇವೆ, 23ಕ್ಕೆ ಅದರಿಂದ ಏನೂ ಆಗುವುದಿಲ್ಲ.) ಈಗ ಕೊನೆಯ ಅಂಕಿ 4, 23×8 = 184, ಕಳೆದರೆ 57500. ಸೊನ್ನೆಗಳನ್ನು ಬಿಡಿ, 575. ಅದು 23×25. ಹೋಯಿತು! 577001 = 23×25087.

ಇಷ್ಟಕ್ಕೇ ನಿಲ್ಲಬೇಡಿ, 25087 ಏನು ಅಂತ ಇನ್ನೂ ಗೊತ್ತಿಲ್ಲ. ಅದರ ವರ್ಗಮೂಲ 158ರ ಸ್ವಲ್ಪ ಮೇಲೆ. ಮತ್ತೆ 2ರಿಂದ ಶುರು ಮಾಡಬೇಡಿ, 23ಕ್ಕಿಂತ ಚಿಕ್ಕ ಅವಿಭಾಜ್ಯಗಳಿಂದ 577001 ಹೋಗುವುದಿಲ್ಲ ಅಂತ 23ಕ್ಕೆ ಬರುವ ಮೊದಲೇ ನೋಡಿರುತ್ತೀರಿ. ಆದರೆ 23ನ್ನು ಇನ್ನೊಮ್ಮೆ ನೋಡಿ, ಅದೇ ಎರಡು ಸಲ ಇರಬಹುದು. 23ರಿಂದ 157ರ ತನಕ 29 ಅವಿಭಾಜ್ಯಗಳು. ನಾನು ಒಂದೊಂದೇ ನೋಡಿದೆ, ಯಾವುದರಿಂದಲೂ ಹೋಗಲಿಲ್ಲ. ಹಾಗಾಗಿ 25087 ಅವಿಭಾಜ್ಯ.

ಈಗ 577501ಕ್ಕೆ ವಾಪಸ್ ಬರೋಣ. 29, 31, 37... ನೂರು ದಾಟಿತು. 101, 103... ಇನ್ನೂರು ದಾಟಿತು. 199ರಲ್ಲಿ ಶೇಷ ಬರೀ 3, ಸ್ವಲ್ಪದರಲ್ಲೇ ತಪ್ಪಿತು ಅನ್ನಿಸುತ್ತದೆ, ಆದರೆ ಭಾಗಾಕಾರದಲ್ಲಿ ಸ್ವಲ್ಪ ಅನ್ನುವುದಕ್ಕೆ ಬೆಲೆ ಇಲ್ಲ, ಶೇಷ ಸೊನ್ನೆಯೇ ಆಗಬೇಕು. ರಾತ್ರಿ ಹತ್ತೂವರೆ ಆಗಿತ್ತು. ಅಕ್ಕ ಹಿಂದಿನಿಂದ "ಸಾಕು ಮಲಗೇ" ಅಂತ ಕೂಗುವುದು ಫೋನಿನಲ್ಲಿ ಕೇಳುತ್ತಿತ್ತು. 263, 269 ಮುಗಿಯಿತು. 271 ಬಂತು.

577501 − 271 = 577230. ಸೊನ್ನೆ ಬಿಟ್ಟರೆ 57723.
57723 − 813 = 56910. ಸೊನ್ನೆ ಬಿಟ್ಟರೆ 5691. (813 ಅಂದರೆ 271×3.)
5691 − 271 = 5420. ಸೊನ್ನೆ ಬಿಟ್ಟರೆ 542.
542 = 271×2.

"ಮಾಮ, ಹೋಯ್ತು!" ಅಂತ ಅವಳೇ ಮೊದಲು ಕೂಗಿದಳು. 58ನೇ ಅವಿಭಾಜ್ಯದಲ್ಲಿ ಬಾಗಿಲು ತೆಗೆಯಿತು. ಏಳು ಸುತ್ತಿನ ಕೋಟೆಯ ಊರಿನ ಸಂಖ್ಯೆ ಅಷ್ಟು ಬೇಗ ಬಿಟ್ಟುಕೊಡುತ್ತದೆಯೇ!

577501 = 271×2131.

2131 ಅವಿಭಾಜ್ಯವೇ ಅಂತ ಮತ್ತೆ ಪರೀಕ್ಷಿಸಬೇಕಾ? ಬೇಡ. ಇದನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಿ. 2131 ಒಡೆಯುವುದಾದರೆ ಅದರ ವರ್ಗಮೂಲ, ಅಂದರೆ ಸುಮಾರು 46ರ ಒಳಗೆ ಒಂದು ಅವಿಭಾಜ್ಯ ಅಪವರ್ತನ ಇರಬೇಕು. ಅದು 577501ರದ್ದೂ ಅಪವರ್ತನ ಆಗಬೇಕು. 271ಕ್ಕಿಂತ ಚಿಕ್ಕದು ಒಂದೂ ಇಲ್ಲ ಅಂತ ನಾವು ಆಗಲೇ ನೋಡಿದ್ದೇವೆ. ಹಾಗಾಗಿ 2131 ಅವಿಭಾಜ್ಯ, ಒಂದು ಗೆರೆ ಲೆಕ್ಕವೂ ಬೇಕಿಲ್ಲ. ಕೊನೆಗೆ ಒಮ್ಮೆ ಗುಣಿಸಿ ತಾಳೆ ನೋಡಿ: 271×2000 = 542000, 271×131 = 35501, ಒಟ್ಟು 577501. ಸರಿ.

ಒಂದೊಂದಕ್ಕೆ ಒಂದು ನಿಮಿಷ ಹಿಡಿದರೂ 58ಕ್ಕೆ ಸುಮಾರು ಒಂದು ಗಂಟೆ, ಅಂದರೆ ದಾವಣಗೆರೆಯಲ್ಲಿ ಬಸ್ಸು ಹತ್ತಿ ದುರ್ಗದ ಹತ್ತಿರ ಬರುವಷ್ಟು ಹೊತ್ತು. ಮೊಬೈಲಿನಲ್ಲಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಲಿನಕ್ಸ್ ಕಂಪ್ಯೂಟರಿನಲ್ಲಿ ಫ್ಯಾಕ್ಟರ್ ಅನ್ನುವ ಆಜ್ಞೆಯೇ ಇದೆ. ಉತ್ತರ ತಾಳೆ ನೋಡಲು ಅದನ್ನು ಬಳಸಿ. ಆದರೆ ಮೊದಲ ಸಲ ಕೈಯಿಂದಲೇ ಮಾಡಿ. 271 ತನಕ ನಡೆದು ಹೋದವರಿಗೆ ಮಾತ್ರ ಈ ಕೆಲಸ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ, ಆ ಕಷ್ಟವನ್ನೇ ನಂಬಿ ಕಟ್ಟಿದ ಗುಟ್ಟಿನ ಲಿಪಿಗಳು ಇವೆ. ಆರ್‌ಎಸ್‌ಎ ಅನ್ನುವ ವಿಧಾನ 1977ರದ್ದು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಉತ್ತರವನ್ನು ಎಲ್ಲರಿಗೂ ತೋರಿಸುತ್ತಾರೆ, ಒಡೆಯಲು ಯಾರಿಗೂ ಆಗುವುದಿಲ್ಲ ಅನ್ನುವುದೇ ಧೈರ್ಯ. ಅಂಥ 250 ಅಂಕಿಯ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದರು. ಒಂದೇ ಪ್ರೊಸೆಸರ್ ಕೋರ್ ಕೆಲಸ ಮಾಡಿದ್ದರೆ ಅದಕ್ಕೆ ಸುಮಾರು 2700 ವರ್ಷ ಹಿಡಿಯುತ್ತಿತ್ತು.

ಒಡೆದ ಮೇಲೆ: ಭಾಜಕಗಳ ಲೆಕ್ಕ

ಇನ್ನು ಮೇಲೆ ಇಳಿಜಾರು. ಭಾಜಕಗಳು (ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವವು) ಎಷ್ಟು ಅಂತ ತಿಳಿಯಲು ಪ್ರತಿ ಅವಿಭಾಜ್ಯದ ಘಾತಕ್ಕೆ, ಅಂದರೆ ಅದು ಎಷ್ಟು ಸಲ ಬಂದಿದೆಯೋ ಅದಕ್ಕೆ, ಒಂದು ಕೂಡಿಸಿ, ಎಲ್ಲವನ್ನೂ ಗುಣಿಸಿ. 577501ರಲ್ಲಿ 271 ಒಂದು ಸಲ, 2131 ಒಂದು ಸಲ. 2×2 = 4. ಆ ನಾಲ್ಕು: 1, 271, 2131, 577501.

ಪಕ್ಕದ 577500ಕ್ಕೆ? ಘಾತಗಳು 2, 1, 4, 1, 1. ಹಾಗಾಗಿ 3×2×5×2×2 = 120 ಭಾಜಕಗಳು. ಪಕ್ಕಪಕ್ಕದ ಮನೆಗಳು, ಒಂದರಲ್ಲಿ ನಾಲ್ಕು ಜನ, ಇನ್ನೊಂದರಲ್ಲಿ ನೂರಿಪ್ಪತ್ತು. ಕಲ್ಯಾಣ ಮಂಟಪದಲ್ಲಿ ಕುರ್ಚಿ ಜೋಡಿಸುವುದನ್ನು ನೆನೆಸಿಕೊಳ್ಳಿ. 577500 ಕುರ್ಚಿಗಳನ್ನು ಸಮ ಸಾಲುಗಳಲ್ಲಿ ಹಾಕಲು ಬೇಕಾದಷ್ಟು ದಾರಿ ಇದೆ. ಒಂದೇ ಒಂದು ಕುರ್ಚಿ ಜಾಸ್ತಿ ಬಂದರೆ, ಎಲ್ಲಾ ಒಂದೇ ಸಾಲಿನಲ್ಲಿ ಹಾಕುವುದನ್ನು ಬಿಟ್ಟರೆ, 271 ಸಾಲಿನಲ್ಲಿ 2131 ಅಥವಾ ಅದನ್ನೇ ತಿರುಗಿಸಿ ಹಾಕಬೇಕು, ಅಷ್ಟೇ.

ಭಾಜಕಗಳ ಮೊತ್ತವೂ ಸುಲಭ. ಅವಿಭಾಜ್ಯ ಒಂದೊಂದೇ ಸಲ ಬಂದಿದ್ದರೆ ಪ್ರತಿಯೊಂದಕ್ಕೂ 1 ಕೂಡಿಸಿ ಗುಣಿಸಿ: 272×2132 = 579904. ಸಂಖ್ಯೆಯನ್ನೇ ಬಿಟ್ಟರೆ ಉಳಿದ ಭಾಜಕಗಳ ಮೊತ್ತ 2403. ಈ ಮೊತ್ತ ಸಂಖ್ಯೆಗಿಂತ ಕಮ್ಮಿ ಇದ್ದರೆ ಕೊರತೆಯ ಸಂಖ್ಯೆ, ಸಮ ಇದ್ದರೆ ಪರಿಪೂರ್ಣ ಸಂಖ್ಯೆ (6, 28 ಇದ್ದ ಹಾಗೆ), ಜಾಸ್ತಿ ಇದ್ದರೆ ಸಮೃದ್ಧ ಸಂಖ್ಯೆ. ದುರ್ಗದ್ದು ಭಾರೀ ಕೊರತೆಯ ಸಂಖ್ಯೆ. 577500 ಸಮೃದ್ಧ, ಅದರ ಮೊತ್ತ 1521828. ದಾವಣಗೆರೆಯ 577005ಕ್ಕೆ ಐದು ಅವಿಭಾಜ್ಯ, 32 ಭಾಜಕ ಇದ್ದರೂ ಮೊತ್ತ 511635ಕ್ಕೇ ನಿಲ್ಲುತ್ತದೆ, ಹಾಗಾಗಿ ಅದೂ ಕೊರತೆಯದ್ದೇ. 2 ಇಲ್ಲದ ಸಂಖ್ಯೆ ಸಮೃದ್ಧ ಆಗುವುದು ಅಪರೂಪ. ಅಂಥ ಬೆಸ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 945.

ಯಾವ ಗುಂಪಿಗೆ ಸೇರುತ್ತದೆ

577501 ಎರಡೇ ಅವಿಭಾಜ್ಯಗಳ ಗುಣಲಬ್ಧ, ಇದಕ್ಕೆ ಅರೆ-ಅವಿಭಾಜ್ಯ ಅನ್ನಬಹುದು. ಯಾವ ಅವಿಭಾಜ್ಯವೂ ಎರಡು ಸಲ ಬಂದಿಲ್ಲ, ಹಾಗಾಗಿ ವರ್ಗಮುಕ್ತ. 577001 ಕೂಡ ಎರಡೂ ಹೌದು.

ಮುಂದಿನ ಹಂತ ನನಗೆ ತುಂಬಾ ಪ್ರಿಯ: ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? ಯಾವ ವರ್ಗವನ್ನು 4ರಿಂದ ಭಾಗಿಸಿದರೂ ಶೇಷ 0 ಅಥವಾ 1. ಎರಡು ವರ್ಗ ಕೂಡಿದರೆ 0, 1, 2 ಬರಬಹುದು, 3 ಬರುವುದೇ ಇಲ್ಲ. 577501ರ ಕೊನೆಯ ಎರಡು ಅಂಕಿ 01, ಶೇಷ 1. ಆಗಬಹುದು ಅಂತ ಆಸೆ ಹುಟ್ಟುತ್ತದೆ. ಆದರೆ ನಿಯಮ ಪೂರ್ತಿ ಹೀಗಿದೆ: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯ ಒಳಗಿದ್ದರೆ ಅದು ಸಮ ಸಲ ಬಂದಿರಬೇಕು. 271ಕ್ಕೆ ಶೇಷ 3. 2131ಕ್ಕೂ 3. ಎರಡೂ ಒಂದೊಂದೇ ಸಲ. ಹಾಗಾಗಿ ಆಗುವುದೇ ಇಲ್ಲ. ಹೊರಗಿನಿಂದ ನೋಡಿ ಇದನ್ನು ಹೇಳಲು ಸಾಧ್ಯವಿರಲಿಲ್ಲ, ಒಡೆದ ಮೇಲೆ ಒಂದು ಸಾಲಿನಲ್ಲಿ ತೀರ್ಮಾನ ಆಯಿತು.

ಎರಡೂ ಅವಿಭಾಜ್ಯಕ್ಕೆ ಶೇಷ 3 ಬರುವ ಇಂಥ ಅರೆ-ಅವಿಭಾಜ್ಯಕ್ಕೆ ಬ್ಲಮ್ ಸಂಖ್ಯೆ ಅಂತ ಹೆಸರು, ಮ್ಯಾನ್ಯುಯೆಲ್ ಬ್ಲಮ್ ಅನ್ನುವ ಕಂಪ್ಯೂಟರ್ ವಿಜ್ಞಾನಿಯದ್ದು. ಗುಟ್ಟಿನ ಲಿಪಿಗೆ ಬೇಕಾದ, ಊಹಿಸಲಾಗದ ಅಂಕಿಗಳ ಸಾಲು ಹುಟ್ಟಿಸಲು ಇವನ್ನು ಬಳಸುವ ಒಂದು ವಿಧಾನವಿದೆ. ಈಗ 577001 ನೋಡಿ. 23ಕ್ಕೆ ಶೇಷ 3. 25087ಕ್ಕೂ 3. ಅದೂ ಬ್ಲಮ್ ಸಂಖ್ಯೆ! ಎರಡೂ ಊರಿನ ಪಿನ್ ಒಂದೇ ಜಾತಿಯವು ಅಂತ ಗೊತ್ತಾದಾಗ ನನಗೆ ಆದ ಖುಷಿ ಹೇಳಲಾರೆ.

577 ಅನ್ನುವ ಮೂರಂಕಿ

1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಅದರ ಮೊದಲ ಮೂರಂಕಿ ಟಪಾಲು ವಿಂಗಡಿಸುವ ಜಿಲ್ಲೆಯದ್ದು. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರೂ ಊರಿಗೆ 577. ಇದು ಅಪ್ಪಟ ಅವಿಭಾಜ್ಯ. 4ರಿಂದ ಶೇಷ 1, ಹಾಗಾಗಿ ಎರಡು ವರ್ಗಗಳ ಮೊತ್ತ ಆಗಲೇಬೇಕು: 24×24 + 1×1 = 577.

ಇನ್ನೂ ಇದೆ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಯ ಅಳತೆಗೆ 2ರ ವರ್ಗಮೂಲವನ್ನು ಹೀಗೆ ಹೇಳಿದ್ದಾರೆ: ಒಂದಕ್ಕೆ ಅದರ ಮೂರನೇ ಒಂದು ಭಾಗ ಕೂಡಿಸು, ಆ ಭಾಗದ ನಾಲ್ಕನೇ ಒಂದು ಭಾಗ ಕೂಡಿಸು, ಅದರಲ್ಲಿ ಮೂವತ್ತನಾಲ್ಕನೇ ಒಂದು ಭಾಗ ಕಳೆ. ಲೆಕ್ಕ ಹಾಕಿದರೆ 577/408 ಬರುತ್ತದೆ, ಅಂದರೆ 1.4142157. ನಿಜವಾದ ಬೆಲೆ 1.4142136. ನಮ್ಮ ಮನೆ ವಿಳಾಸದ ಕೊನೆಯಲ್ಲಿ ದಿನಾ ಬರೆಯುವ ಅಂಕಿಗಳು ಅಷ್ಟು ಹಳೆಯ ಲೆಕ್ಕದಲ್ಲಿ ಕೂತಿವೆ.

ಅಂಕಿ ಕೂಡುವ ಆಟಗಳು

ಅಂಕಿಗಳ ಮೊತ್ತ 25, ಮತ್ತೆ ಕೂಡಿದರೆ 7. ಇದರಿಂದ ತಿಳಿಯುವುದು 9ರಿಂದ ಭಾಗಿಸಿದರೆ ಶೇಷ 7 ಅಂತ, ಅಷ್ಟೇ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗ ಹೋಗುವ ಸಂಖ್ಯೆಗೆ ಹರ್ಷದ್ ಸಂಖ್ಯೆ ಅಂತ ಹೆಸರಿಟ್ಟವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 577501 ಸಂಖ್ಯೆ 25ರಿಂದ ಹೋಗುವುದಿಲ್ಲ, ಹಾಗಾಗಿ ಹರ್ಷದ್ ಅಲ್ಲ. 0 ಮತ್ತು 1 ಮಾತ್ರ ಬಳಸುವ ಎರಡರ ಪದ್ಧತಿಯಲ್ಲಿ ಬರೆದರೆ 10001100111111011101, ಇಪ್ಪತ್ತು ಅಂಕಿ, ಅದರಲ್ಲಿ 13 ಒಂದುಗಳು.

ಮಕ್ಕಳಿಗೆ ಇವು ಖುಷಿ ಕೊಡುತ್ತವೆ, ಆಡಿಸಿ. ಆದರೆ ಇವು ನಾವು ಸಂಖ್ಯೆಯನ್ನು ಯಾವ ಪದ್ಧತಿಯಲ್ಲಿ ಬರೆಯುತ್ತೇವೆ ಅನ್ನುವುದರಿಂದ ಬಂದ ಗುಣಗಳು, ಬೇರೆ ಪದ್ಧತಿಯಲ್ಲಿ ಬರೆದರೆ ಬದಲಾಗುತ್ತವೆ. 271×2131 ಯಾವ ಪದ್ಧತಿಯಲ್ಲೂ ಬದಲಾಗುವುದಿಲ್ಲ. ಮೊಬೈಲ್ ನಂಬರಿನ ಅಂಕಿ ಕೂಡಿ ಒಂಬತ್ತು ಬರಬೇಕು ಅಂತ ದುಡ್ಡು ಜಾಸ್ತಿ ಕೊಡುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಕೈ ಪಳಗಿಸಲು ಒಂದು ಲೆಕ್ಕ

577003 ತೆಗೆದುಕೊಳ್ಳಿ. 577 − 3 = 574, ಅದು 7×82. ಹಾಗಾಗಿ 7 ಸಿಕ್ಕಿತು, ಉಳಿದದ್ದು 82429. ಅದರ ವರ್ಗಮೂಲ 287ರ ಸುತ್ತಮುತ್ತ. 7ರಿಂದಲೇ ಮತ್ತೆ ಶುರು ಮಾಡಿ, ಬಾಲ ಕತ್ತರಿಸುತ್ತಾ ಹೋಗಿ. ದುರ್ಗದ್ದರಷ್ಟು ಕಾಡುವುದಿಲ್ಲ, ಐವತ್ತರ ಒಳಗೇ ಇನ್ನೊಂದು ಸಿಗುತ್ತದೆ, ಆಮೇಲೆ ಉಳಿದದ್ದು ನಾಲ್ಕಂಕಿಯ ಅವಿಭಾಜ್ಯ. ಅದು ಅವಿಭಾಜ್ಯ ಹೌದೋ ಅಲ್ಲವೋ ಅನ್ನುವುದನ್ನು ಮಾತ್ರ ನನ್ನ ಮಾತು ನಂಬದೆ, ವರ್ಗಮೂಲದ ತನಕ ನೀವೇ ನೋಡಿ. ಅಕ್ಕನ ಮಗಳು ಇದನ್ನು ಹನ್ನೆರಡು ನಿಮಿಷದಲ್ಲಿ ಮುಗಿಸಿದಳು.